ಗಟಾರದ ಲೆಕ್ಕ

ಗಂಡಸರು ಒಳಗೆ ವಜೂ ಮಾಡುತ್ತಿದ್ದರು.
ನಾವು, ಏಳು ಹುಡುಗಿಯರು,
ಮಸೂತಿಯ ಹಿಂದಿನ ಸಂದಿಯಲ್ಲಿ
ಗಟಾರದ ಬಾಯಿಗೆ ಬಕೀಟು ಹಿಡಿದು ಕೂತಿದ್ದೆವು.

ವಿಜಾಪುರದ ನಮ್ಮ ಓಣಿಗೆ ಆಗ ನಳ ಬರುತ್ತಿದ್ದದ್ದು
ಎಂಟು ದಿನಕ್ಕೊಮ್ಮೆ, ಅದೂ ನಡುರಾತ್ರಿ.
ಓಣಿಯ ತುದಿಗೆ ಆದಿಲಶಾಹಿ ಕಾಲದ ಗಂಜು,
ಒಂದು ಕಾಲಕ್ಕೆ ನೀರು ಹಂಚಿದ ಕಲ್ಲುಗೋಪುರ,
ಪಾರಿವಾಳಗಳಿಗೆ ಬಾಡಿಗೆಗೆ ಹೋಗಿತ್ತು.

"ಬರೇ ಬಾಯಿಪಾಠ ಬ್ಯಾಡ," ಅಂದಿದ್ದರು ಮಕತುಂಬಿ ಆಪಾ.
ಮದರಸಾದ ಸಂಜೆಯ ತರಗತಿ ಅವರದು;
ಅಲಿಫ್ ಬೇ ಆದ ಮೇಲೆ ಭಾಗಾಕಾರ,
ಭಾಗಾಕಾರದ ಬೆನ್ನಿಗೆ ಹದೀಸು.
"ಹರಿಯೋ ಹೊಳಿ ದಂಡಿಮ್ಯಾಗ ಕೂತಿದ್ರೂ
ನೀರು ಪೋಲು ಮಾಡಬ್ಯಾಡ್ರಿ ಅಂತ ಐತಿ.
ಹೊಳಿ ಇಲ್ಲ ನಮ್ಮಲ್ಲಿ. ಗಟಾರ ಐತಿ.
ಹೋಗ್ರಿ, ಅಳದು ಬರ್ರಿ."

ಮುಖ ಕಾಣುತ್ತಿರಲಿಲ್ಲ. ನೀರು ಕಾಣುತ್ತಿತ್ತು.
ಯಾರ ನೀರು ಯಾವುದೆಂದು ಮೆಲ್ಲಗೆ ತಿಳಿಯತೊಡಗಿತು:
ಎಣ್ಣೆಯ ತೆಳು ಕಾಮನಬಿಲ್ಲು ತೇಲಿದರೆ
ಗ್ಯಾರೇಜಿನ ಲಾಡ್ಲೇಮಾಮಾ,
ಬೆಳ್ಳಗೆ ಬಂದರೆ ಸುಣ್ಣ ಬಳಿಯುವವರು,
ಅಸರ್ ಹೊತ್ತಿಗೆ ಗಂಧಕದ ಘಾಟು,
ಒಣದ್ರಾಕ್ಷಿ ಶೆಡ್ಡಿನಿಂದ ಬಂದ ಹಮಾಲರು.
ಉದ್ದಕ್ಕೆ, ನಿಲ್ಲದೆ, ಸುಮ್ಮನೆ ಬರುವ ತಿಳಿನೀರು
ನಳ ಬಿಟ್ಟೇ ಮಾತಿಗಿಳಿಯುವ ದೊಡ್ಡವರದು.
ಅವರಲ್ಲಿ ನನ್ನ ಅಬ್ಬಾನೂ ಇದ್ದರು.
ಕೆಮ್ಮಿನಿಂದ ಗುರುತು ಸಿಕ್ಕಿತು.
ಒಂದೂವರೆ ಬಕೀಟು ಅಂತ ಬರೆದೆ,
ಹೆಸರು ಬರೆಯಲಿಲ್ಲ.

ಮೊದಲ ಜುಮ್ಮಾ: ಎಪ್ಪತ್ತಾರು.
ಆಪಾ ಆ ಅಂಕಿಯನ್ನು ಸೀಮೆಸುಣ್ಣದಲ್ಲಿ
ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಬರೆಸಿದರು.
ಬಾಂಗು ಕೊಡುವ ಗೈಬುಸಾಬರು ಸಿಡಿದರು:
"ಇಬಾದತ್ತಿಗೂ ಮೀಟರ್ ಕೂಡಸ್ತೀರೇನು?"
ಒಂದು ಕೊಡ ನೀರು ಸುರಿದು
ಅಂಕಿಯನ್ನು ತೊಳೆದುಬಿಟ್ಟರು.
ನಾವು ಎಪ್ಪತ್ತೇಳು ಅಂತ ತಿದ್ದಿಕೊಂಡೆವು.

ಮರುವಾರ ಮೌಲಾನಾ ಬಯಾನು ಮಾಡಲಿಲ್ಲ.
ಚೀಟಿ ಬಿಚ್ಚಿ ಅಂಕಿ ಓದಿದರು, ಮಡಚಿದರು.
ಒಳಗೆ ಬಹಳ ಕೆಮ್ಮು ಕೇಳಿಸಿತು.

ಅರವತ್ತು. ನಲವತ್ತೆಂಟು. ಮೂವತ್ತೊಂದು.

ಅಳೆದ ನೀರನ್ನು ನಾವು ಸುರಿಯುತ್ತಿದ್ದದ್ದು
ಸಂದಿಯಲ್ಲಿದ್ದ ಪೇರಲ ಗಿಡಕ್ಕೆ.
ಯಾರೂ ನೆಟ್ಟದ್ದಲ್ಲ, ಯಾರೋ ತಿಂದು ಉಗುಳಿದ ಬೀಜ,
ನಮ್ಮ ಹೆಗಲಿಗೆ ಹೆಗಲು ಕೊಟ್ಟು ಬೆಳೆದಿತ್ತು.
ಓಣಿ ನೀರು ಉಳಿಸಲು ಕಲಿತ ಹಾಗೆ
ಅದರ ಎಲೆ ಉದುರತೊಡಗಿದವು.
ಪೋಲಾದ ನೀರಿನ ಕೂಸು ಅದು.
"ಈಗೇನ್ ಮಾಡೂದು ಆಪಾ?"
ಎಲ್ಲದಕ್ಕೂ ಒಂದು ಹದೀಸು ಇರುತ್ತಿದ್ದ ಆಪಾ
ದುಪಟ್ಟಾದ ತುದಿ ಸುತ್ತುತ್ತ ಕೂತರು.
"ಗೊತ್ತಿಲ್ಲವಾ," ಅಂದರು.
ಮದರಸಾದಲ್ಲಿ ಆ ಮಾತು
ನಾನು ಕೇಳಿದ್ದು ಅದೇ ಮೊದಲು.

ಮಾರನೇ ನಸುಕಿನಲ್ಲಿ ಹಾಲಿಗೆ ಹೊರಟವಳು ಕಂಡೆ:
ಪೇರಲದ ಬುಡದಲ್ಲಿ ಕುಕ್ಕರಗಾಲಲ್ಲಿ ಗೈಬುಸಾಬರು,
ಎದುರಿಗೆ ಒಂದೇ ಚರಗಿ.
ಕೈ ತೊಳೆದದ್ದು ಬೇರಿಗೆ ಬಿತ್ತು.
ಮುಖದ್ದು ಗಡ್ಡದಿಂದ ತೊಟ್ಟಿಕ್ಕಿ ಬೇರಿಗೆ,
ಮೊಣಕೈಯಿಂದ ಇಳಿದದ್ದೂ ಬೇರಿಗೆ.
ಒದ್ದೆ ಅಂಗೈಯನ್ನು ತಲೆಯ ಮೇಲೆ ಒಮ್ಮೆ ಎಳೆದು
ಕೊನೆಗೆ ಕಾಲು, ಬೆರಳ ಸಂದು ಸಂದೂ,
ಯಾರಿಗೋ ಚಿಲ್ಲರೆ ಎಣಿಸಿ ಕೊಡುವವರಂತೆ.
ನನ್ನನ್ನು ನೋಡಿದರು.
"ಇದನ್ನ ಬರಕೋಬ್ಯಾಡ," ಅಂದು
ಬಾಂಗು ಕೊಡಲು ಒಳಗೆ ಹೋದರು.

ಗಟಾರದ ಬಾಯಿ ಒಣಗಿತ್ತು.
ತಾರೀಖು ಬರೆದೆ, ಎದುರಿಗೆ ಸೊನ್ನೆ.
ಅದು ಸರಿಯೋ ತಪ್ಪೋ ತಿಳಿಯದೆ
ಆ ಪುಟವನ್ನು ಆಪಾಗೆ ತೋರಿಸದೆ
ಬಹಳ ದಿನ ಮಡಚಿಟ್ಟುಕೊಂಡಿದ್ದೆ.